ಮರಳಿ ಬಂದ ವ್ಯಾಧಿಗೆ ಹೊಣೆ ಯಾರು?

ನಮ್ಮ ಸಭೆಯಲ್ಲಿ ಒಬ್ಬ ತಾಯಿಯವರಿದ್ದಾರೆ. ವಯಸ್ಸು ಐವತ್ತೆಂಟು. ಎರಡೆಕರೆ ಹೊಲದಲ್ಲಿ ರಾಗಿಯನ್ನೂ ಅವರೆಯನ್ನೂ ಬೆಳೆದು ಜೀವಿಸುವ ಮನೆತನ. ಕೆಲವು ವರುಷಗಳ ಕೆಳಗೆ ಅವರ ಕೊರಳಿನ ಎಡಗಡೆಯಲ್ಲಿ ಹುಣಿಸೇಬೀಜದಷ್ಟು ದೊಡ್ಡದಾದ ಗಂಟೊಂದು ಎದ್ದಿತು. ನೋವಿಲ್ಲ, ಜ್ವರವಿಲ್ಲ. ಆರು ತಿಂಗಳಲ್ಲಿ ಒಂದು ಮೂರಾಯಿತು. ಕಡೆಗೆ ಮಗನು ಅವರನ್ನು ಪಟ್ಟಣದ ಆಸ್ಪತ್ರೆಗೆ ಕರಕೊಂಡು ಹೋದನು. ಗಂಟನ್ನು ಕೊಯ್ದು ಪರೀಕ್ಷಿಸಿದ ವೈದ್ಯರು ಇದು ಫೋಲಿಕ್ಯುಲರ್ ಲಿಂಫೋಮ, ಅಂದರೆ ದುಗ್ಧಗ್ರಂಥಿಗಳಲ್ಲಿ ಮೆಲ್ಲಮೆಲ್ಲನೆ ಬೆಳೆಯುವ ಒಂದು ವಿಧವಾದ ಕ್ಯಾನ್ಸರ್ ಎಂದು ಹೇಳಿದರು. ಆರು ಸಾರಿ ಕೀಮೋ ಔಷಧವನ್ನು ಕೊಟ್ಟರು. ಗಂಟುಗಳು ಬಿಸಿಲಿಗೆ ಇಟ್ಟ ಬೆಣ್ಣೆಯಂತೆ ಕರಗಿಹೋದವು.

ಆ ಮನೆಯವರು ಸ್ತೋತ್ರದ ಕೂಟವನ್ನು ಏರ್ಪಡಿಸಿದರು. ಸಭೆಯೆಲ್ಲವೂ ಕೂಡಿತು. ಆ ದಿನ ಎಲ್ಲರ ಮುಂದೆ ನಿಂತು ನಾನು ಆಡಿದ ಮಾತು ಇದು: ಈ ತಾಯಿಯವರ ರೋಗವು ಬೇರುಸಹಿತವಾಗಿ ಕಿತ್ತುಹೋಯಿತು. ವೈದ್ಯರು ಹಾಗೆ ಹೇಳಿರಲಿಲ್ಲ. ಅವರ ಚೀಟಿಯಲ್ಲಿ ರೋಗವು ಈಗ ಕಾಣಿಸುವದಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಮಾತ್ರ ಬರೆದಿತ್ತು. ಆ ಚೀಟಿಯನ್ನು ನಾನು ಓದಿದ್ದೆನು. ಆದರೂ ಸಂತೋಷದ ಭರದಲ್ಲಿ, ಕೂಟಕ್ಕೆ ತಕ್ಕ ಮಾತು ಎಂದೆಣಿಸಿ, ಹಾಗೆ ಹೇಳಿಬಿಟ್ಟೆನು.

ಮೂರನೆಯ ವರುಷದಲ್ಲಿ ಅವರ ಕಂಕುಳಲ್ಲಿ ಮತ್ತೆ ಗಂಟು ಕಾಣಿಸಿತು. ಅದನ್ನು ಅವರು ಏಳು ತಿಂಗಳು ಸೆರಗಿನ ಮರೆಯಲ್ಲಿ ಮುಚ್ಚಿಟ್ಟುಕೊಂಡರು. ಆಸ್ಪತ್ರೆಯ ದಿನ ಬಂದಾಗ ಮೈಗೆ ಹುಷಾರಿದೆ, ಕೊಯಿಲಿನ ಕಾಲ, ಮುಂದಿನ ತಿಂಗಳು ಹೋಗೋಣ ಎಂದು ಮಗನಿಗೆ ಹೇಳುತ್ತಿದ್ದರು. ಒಂದು ದಿನ ಸೊಸೆಯು ಅವರಿಗೆ ನೀರು ಹುಯ್ಯುವಾಗ ಅದನ್ನು ಕಂಡು ನನ್ನ ಬಳಿಗೆ ಓಡಿಬಂದಳು. ನಾನು ಹೋಗಿ, ಅಮ್ಮಾ, ಯಾಕೆ ಹೇಳಲಿಲ್ಲ ಎಂದು ಕೇಳಲು ಅವರು ಹೇಳಿದ್ದೇನಂದರೆ: “ಉಪದೇಶಿಗಳೇ, ಎಲ್ಲರ ಮುಂದೆ ನೀವು ಬೇರುಸಹಿತ ಹೋಯಿತು ಅಂದಿರಿ. ನಾನೂ ಹೌದು ಅಂತ ಸ್ತೋತ್ರ ಮಾಡಿದೆ. ಈಗ ಮತ್ತೆ ಬಂದಿದೆ ಅಂದರೆ ನನ್ನಲ್ಲೇ ಏನೋ ಕೊರತೆ ಅಂತ ಆಯಿತಲ್ಲವಾ? ಯಾವ ಮುಖ ಹೊತ್ತುಕೊಂಡು ಹೇಳಲಿ?”

ಆ ಮಾತು ನನ್ನನ್ನು ಇಂದಿನ ವರೆಗೂ ಬಿಟ್ಟಿಲ್ಲ. ಈ ಲೇಖನವು ಅದರಿಂದಲೇ ಹುಟ್ಟಿತು. ಒಂದು ರೋಗವು ಹೋಗಿ ಮತ್ತೆ ಬಂದರೆ, ಅಥವಾ ಕೊಟ್ಟ ಔಷಧಕ್ಕೆ ಮಣಿಯದೆ ನಿಂತರೆ, ಅದಕ್ಕೆ ಹೊಣೆ ಯಾರು?

ಸುದ್ದಿಯು ಊರಲ್ಲಿ ಹಬ್ಬಿದ ಮೇಲೆ ಈ ಪ್ರಶ್ನೆಗೆ ಉತ್ತರ ಕೊಡುವವರಿಗೇನೂ ಕಡಿಮೆಯಿರಲಿಲ್ಲ. ಬಾವಿಯ ಕಟ್ಟೆಯ ಬಳಿಯವರು, ಆಕೆ ಪಥ್ಯ ಮುರಿದಳು, ನಂಜಿನ ಪದಾರ್ಥಗಳನ್ನು ತಿಂದಳು, ಬದನೇಕಾಯಿಯನ್ನೂ ಒಣಮೀನನ್ನೂ ಬಿಡಲಿಲ್ಲ ಎಂದರು. ಮಗನ ಮೇಲೆ ಸಿಟ್ಟಿದ್ದ ದಾಯಾದಿಗಳು, ದೊಡ್ಡ ಆಸ್ಪತ್ರೆಗೆ ಹೋಗದೆ ದುಡ್ಡು ಉಳಿಸಿದನು ಎಂದರು. ಸಭೆಯ ಹಿರಿಯರಲ್ಲಿ ಒಬ್ಬರು ತಲೆಯಲ್ಲಾಡಿಸಿ, ವಿಶ್ವಾಸವು ಗಟ್ಟಿಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಹುಟ್ಟುಗುರುಡನಾದ ಒಬ್ಬನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದರಲ್ಲಾ, ಆ ಕೇಳಿಕೆಗೆ ದೊರೆತ ಉತ್ತರವನ್ನು ಆ ಹಿರಿಯರು ನೂರು ಸಾರಿ ಓದಿದವರೇ. ಓದುವದು ಬೇರೆ, ನೆರೆಮನೆಯವರ ಸಂಗತಿಯಲ್ಲಿ ಅದನ್ನು ನೆನಪಿಗೆ ತರುವದು ಬೇರೆ. ನಾನು ಅವರನ್ನು ಆಕ್ಷೇಪಿಸುವದಕ್ಕೆ ತಕ್ಕವನಲ್ಲ, ಯಾಕಂದರೆ ಆ ತಾಯಿಯವರ ಬಾಯನ್ನು ಏಳು ತಿಂಗಳು ಕಟ್ಟಿದ್ದು ನನ್ನ ಮಾತು.

ಹೊಣೆಯನ್ನು ತೀರ್ಮಾನಿಸುವದಕ್ಕೆ ಮುಂಚೆ ಕಾರ್ಯವು ಹೇಗೆ ನಡೆಯಿತೆಂದು ತಿಳಿಯಬೇಕಷ್ಟೆ. ಆದದರಿಂದ ಈ ವ್ಯಾಧಿಯ ವಿಷಯದಲ್ಲಿ ನಾನು ವೈದ್ಯರ ಬಾಯಿಂದಲೂ ಪುಸ್ತಕಗಳಿಂದಲೂ ಕಲಿತಷ್ಟನ್ನು ಇಲ್ಲಿ ಹೇಳುವೆನು.

ಕಾಲಿಗೆ ಮುಳ್ಳು ತಗಲಿ ಕೀವಾದರೆ ತೊಡೆಸಂದಿಯಲ್ಲಿ ಗಡ್ಡೆ ಏಳುವದನ್ನು ನಾವೆಲ್ಲರು ಬಲ್ಲೆವು. ಅದು ದುಗ್ಧಗ್ರಂಥಿ. ಕೊರಳಲ್ಲಿ, ಕಂಕುಳಲ್ಲಿ, ಹೊಟ್ಟೆಯ ಒಳಗೆ, ತೊಡೆಸಂದಿಯಲ್ಲಿ ಇಂಥ ನೂರಾರು ಗ್ರಂಥಿಗಳುಂಟು. ರಕ್ತದ ಬಿಳೀ ಕಣಗಳು ಅವುಗಳಲ್ಲಿ ಕೂಡಿ, ಒಳಗೆ ಬಂದ ವಿಷಕ್ರಿಮಿಗಳನ್ನು ಎದುರಿಸುವವು. ಕ್ರಿಮಿಯು ಅಡಗಿದ ಮೇಲೆ ಗಡ್ಡೆಯೂ ಅಡಗುವದು. ಅಡಗದೆ ವಾರಗಟ್ಟಲೆ ನಿಂತ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ನಮ್ಮ ದೇಶದಲ್ಲಿ ಕ್ಷಯರೋಗವು ಬಹಳವಾಗಿರುವದರಿಂದ ಕೊರಳಿನ ಗಂಟನ್ನೆಲ್ಲಾ ಗಂಡಮಾಲೆ, ಅಂದರೆ ಗ್ರಂಥಿಗಳ ಕ್ಷಯವೆಂದು ಊಹಿಸಿ, ಕೊಯ್ದು ಪರೀಕ್ಷಿಸದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆಗಳನ್ನು ತಿನ್ನಿಸುವದುಂಟು. ಅನೇಕರಿಗೆ ಅದು ಕ್ಷಯವೇ ಆಗಿರುವದು, ಮಾತ್ರೆಯಿಂದ ಗುಣವೂ ಆಗುವದು. ಎಲ್ಲರಿಗೂ ಅಲ್ಲ.

ಗ್ರಂಥಿಗಳ ಒಂದು ರೋಗವನ್ನು 1832ರಲ್ಲಿ ಲಂಡನ್ ಪಟ್ಟಣದ ತಾಮಸ್ ಹಾಜ್ಕಿನ್ ಎಂಬ ವೈದ್ಯರು ವಿವರಿಸಿದರು. ಅದಕ್ಕೆ ಅವರ ಹೆಸರೇ ನಿಂತಿತು. ಆ ತಾಯಿಯವರಿಗೆ ಬಂದದ್ದು ಅದಲ್ಲ. ಇದನ್ನು ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರಿಲ್ ಎಂಬವರೂ ಅವರ ಜೊತೆಯವರೂ 1925ರಲ್ಲಿ, ಸಿಮ್ಮರ್ಸ್ ಎಂಬವರು 1927ರಲ್ಲಿ ಬರೆದು ತಿಳಿಸಿದರು. ಬಹುಕಾಲ ಇದಕ್ಕೆ ಅವರಿಬ್ಬರ ಹೆಸರಿತ್ತು. ಪಶ್ಚಿಮ ದೇಶಗಳಲ್ಲಿ ಇದು ಹೆಚ್ಚು, ನಮ್ಮಲ್ಲಿ ಅಷ್ಟಿಲ್ಲ. ಇದು ಅಂಟುವ ರೋಗವಲ್ಲ. ರೋಗಿಯ ಲೋಟದಲ್ಲಿ ನೀರು ಕುಡಿದರೆ ಬರುವದಿಲ್ಲ. ಈ ಒಂದು ಸಾಲನ್ನು ಬರೆಯಬೇಕಾಗಿ ಬಂದದ್ದು ನಮಗೆ ನಾಚಿಕೆಗೇಡು, ಆದರೆ ಬೇಕಾಗಿ ಬಂತು.

ಈಗ ಮುಖ್ಯವಾದ ಮಾತು. ದುಗ್ಧಗ್ರಂಥಿಯೊಳಗೆ ಬಿಳೀ ಕಣಗಳ ಚಿಕ್ಕಚಿಕ್ಕ ಗುಂಪುಗಳುಂಟು. ಅಲ್ಲಿ ಹೊಸ ಕಣಗಳ ಪರೀಕ್ಷೆಯು ನಡೆಯುವದು. ಕೆಲಸಕ್ಕೆ ಬಂದವು ಉಳಿಯುವವು, ಬಾರದವು ತಾವಾಗಿಯೇ ಸಾಯುವವು. ಹೀಗೆ ದಿನದಿನವೂ ನಮ್ಮೊಳಗೆ ಲೆಕ್ಕವಿಲ್ಲದಷ್ಟು ಕಣಗಳು ತಮ್ಮ ಕಾಲಕ್ಕೆ ತಾವು ಸತ್ತು ಜಾಗ ಬಿಡುವದರಿಂದಲೇ ನಾವು ಬದುಕಿದ್ದೇವೆ. ಈ ವ್ಯಾಧಿಯಲ್ಲಾದರೋ, ಬಹುಮಂದಿ ರೋಗಿಗಳಲ್ಲಿ, ಎಲುಬಿನ ಮಜ್ಜೆಯಲ್ಲಿ ಒಂದು ಕಣವು ರೂಪುಗೊಳ್ಳುವ ಸಮಯದಲ್ಲಿ ಅದರ ಹದಿನಾಲ್ಕನೆಯ ಮತ್ತು ಹದಿನೆಂಟನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗುವವು. ಅದರಿಂದ ಬಿಸಿಎಲ್-2 ಎಂಬ ಒಂದು ಅಂಶವು ಅಳತೆಮೀರಿ ಕೆಲಸ ಮಾಡತೊಡಗುವದು. ಅದು ಮಾಡುವದೇನೆಂಬದನ್ನು 1988ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಡೇವಿಡ್ ವಾಕ್ಸ್ ಎಂಬವರು ತಮ್ಮ ಸಂಗಡಿಗರೊಂದಿಗೆ ತೋರಿಸಿಕೊಟ್ಟರು. ಅದು ಕಣಗಳನ್ನು ಬೇಗಬೇಗನೆ ಹೆರಿಸುವದಿಲ್ಲ. ಸಾಯಬೇಕಾದವು ಸಾಯದಂತೆ ತಡೆಯುವದು. ಮರಣವು ಮನುಷ್ಯನ ವೈರಿಯೆಂದು ಬಾಲ್ಯದಿಂದ ಕಲಿತವನು ನಾನು. ಸಾಯಲೊಲ್ಲದ ಕಣವೇ ಇಲ್ಲಿ ವೈರಿಯಾಯಿತೆಂದು ಓದಿದ ದಿನ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆನು.

ಇನ್ನೊಂದು ಆಶ್ಚರ್ಯವುಂಟು. ಯಾವ ರೋಗವೂ ಇಲ್ಲದ ಅನೇಕರ ರಕ್ತವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರೆ ಅವರಲ್ಲಿಯೂ ಇಂಥ ಅದಲುಬದಲಾದ ಕಣಗಳು ಕೆಲವು ಸಿಕ್ಕುವವು. ಅವರಲ್ಲಿ ಬಹುಮಂದಿಗೆ ಜೀವಮಾನದಲ್ಲಿ ಈ ರೋಗವು ಬರುವದೇ ಇಲ್ಲ. ಬಾವಿಕಟ್ಟೆಯ ಬಳಿ ತೀರ್ಪು ಹೇಳಿದವರ ಮೈಯಲ್ಲಿಯೂ ಅದು ಇದ್ದೀತು, ಇದನ್ನು ಬರೆಯುವ ನನ್ನ ಮೈಯಲ್ಲಿಯೂ ಇದ್ದೀತು. ಬದನೇಕಾಯಿಯನ್ನು ಬಿಟ್ಟರೆ ವರ್ಣತಂತು ಸರಿಯಾಗುವದಿಲ್ಲ.

ಇದು ಮರಳಿ ಬರುವದೇಕೆ? ಹೊಲದಲ್ಲಿ ಜೇಕು ಬೆಳೆದದ್ದನ್ನು ಕಂಡವರಿಗೆ ಬೇರೆ ದೃಷ್ಟಾಂತ ಬೇಕಾಗಿಲ್ಲ. ಕುಂಟೆ ಹೊಡೆದು ಕಳೆ ತೆಗೆದು ಹೊಲವನ್ನು ಕನ್ನಡಿಯಂತೆ ಮಾಡಿದರೂ ಗೇಣು ಕೆಳಗೆ ಅದರ ಗಡ್ಡೆಗಳು ಮಲಗಿರುವವು. ಒಂದು ಮಳೆ ಬಿದ್ದರೆ ಸಾಕು. ಕೀಮೋ ಔಷಧಗಳಲ್ಲಿ ಬಹಳವು ಒಡೆದು ಎರಡಾಗುತ್ತಿರುವ ಕಣಗಳನ್ನು ಮುಖ್ಯವಾಗಿ ಹೊಡೆಯುವವು. ವೇಗವಾಗಿ ಬೆಳೆಯುವ ಕೆಲವು ಲಿಂಫೋಮಗಳು ಅದರಿಂದ ಒಮ್ಮೆಗೇ ನಾಶವಾಗಿ ಮರಳಿ ಬಾರದೆ ಹೋಗುವದುಂಟು. ನಿಧಾನವಾದದ್ದರಲ್ಲಿಯೋ, ಯಾವ ಗಳಿಗೆಯಲ್ಲಿ ನೋಡಿದರೂ ಬಹು ಕಣಗಳು ಮಲಗಿಯೇ ಇರುವವು. ಅವುಗಳಿಗೆ ಏಟು ತಗಲುವದಿಲ್ಲ. ಉಗ್ರವಾದ ರೋಗವನ್ನು ಅಳಿಸಬಹುದು, ಸೌಮ್ಯವಾದದ್ದನ್ನು ಅಳಿಸುವದು ಕಷ್ಟ. ಕೇಳುವವರಿಗೆ ಇದು ತಲೆಕೆಳಗಾಗಿ ತೋರೀತು, ಆದರೆ ವೈದ್ಯರ ಅನುಭವವು ಹಾಗೆಯೇ ಇದೆ. ಇದಲ್ಲದೆ, ಒಂದು ಔಷಧವನ್ನು ತಾಳಿಕೊಂಡು ಉಳಿದ ಕಣಗಳಿಂದಲೇ ಮುಂದಿನ ಸಂತತಿಯು ಬೆಳೆಯುವದರಿಂದ, ಅದೇ ಔಷಧವು ಎರಡನೆಯ ಸಾರಿ ಅಷ್ಟು ಚೆನ್ನಾಗಿ ಹತ್ತದೆ ಹೋಗಬಹುದು. ಔಷಧಕ್ಕೆ ಮಣಿಯದ ರೋಗವೆಂದು ವೈದ್ಯರು ಹೇಳುವದು ಇದನ್ನೇ. ಮಣಿಯದೆ ಇರುವದು ರೋಗ, ರೋಗಿಯಲ್ಲ.

ಈ ಮರಳುವಿಕೆಯು ಕೀಮೋ ಚಿಕಿತ್ಸೆಯಷ್ಟೇ ಹಳೆಯದು. 1942ನೆಯ ಇಸವಿಯ ಆಗಸ್ಟಿನಲ್ಲಿ, ಯುದ್ಧದ ನಡುವೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಗ್ರಂಥಿಗಳ ಕ್ಯಾನ್ಸರಿನಿಂದ ಉಸಿರಾಡಲಾರದೆ, ನುಂಗಲಾರದೆ ಇದ್ದ ಒಬ್ಬ ರೋಗಿಗೆ ಸಾಸಿವೆ ಅನಿಲವೆಂಬ ಯುದ್ಧದ ವಿಷಕ್ಕೆ ಸಂಬಂಧಪಟ್ಟ ಒಂದು ಔಷಧವನ್ನು ಸೂಜಿಯ ಮೂಲಕ ಕೊಟ್ಟರು. ಕೆಲವು ದಿನಗಳಲ್ಲಿಯೇ ಗಡ್ಡೆಗಳು ಕರಗಿದವು. ಆತನು ತಲೆ ತಿರುಗಿಸಿದನು, ಊಟ ಮಾಡಿದನು. ಸ್ವಲ್ಪ ಕಾಲದಲ್ಲಿಯೇ ರೋಗವು ಹಿಂದಿರುಗಿತು. ಎರಡನೆಯ ಸಾರಿ ಕೊಟ್ಟಾಗ ಗುಣವು ಮೊದಲಿಗಿಂತ ಕಡಿಮೆಯಾಯಿತು. ದಶಂಬರದಲ್ಲಿ ಆತನು ತೀರಿಕೊಂಡನು. ಯುದ್ಧದ ಗುಟ್ಟಾಗಿದ್ದದರಿಂದ ಇದು 1946ರ ವರೆಗೆ ಪ್ರಕಟವಾಗಲಿಲ್ಲ. ಆತನದು ಬೇಗ ಬೆಳೆಯುವ ಜಾತಿಯ ರೋಗ, ಆ ತಾಯಿಯವರದು ಅಂಥದಲ್ಲ. ಆದರೂ ಗೆಲವು ಕಂಡ ಆ ಮೊದಲನೆಯ ದಿನಗಳಲ್ಲಿಯೇ ಸೋಲಿನ ದಾರಿಯೂ ಕಂಡಿತು. ಆ ರೋಗಿಯು ಪಥ್ಯ ಮುರಿದನೆಂದು ಅಲ್ಲಿ ಯಾರೂ ಬರೆದಿಟ್ಟಿಲ್ಲ.

ಇಲ್ಲಿ ಒಬ್ಬ ವಾಚಕರು ಎದ್ದು ಹೀಗೆ ಕೇಳಬಹುದು: ಹಾಗಾದರೆ ಯಾರೂ ಹೊಣೆಯಲ್ಲವೋ? ಎಲ್ಲವೂ ಹಣೆಯಲ್ಲಿ ಬರೆದಂತೆ ಆಗುವದೆಂದು ಕೈಕಟ್ಟಿ ಕೂತುಕೊಳ್ಳಬೇಕೋ? ಈ ಪ್ರಶ್ನೆಯು ನ್ಯಾಯವಾದದ್ದು, ಇದನ್ನು ಹಾರಿಸಿ ಹೋಗಬಾರದು. ತಪ್ಪನ್ನು ಹೊರಿಸುವದೂ ಕರ್ತವ್ಯವನ್ನು ಹೊರುವದೂ ಒಂದೇ ಅಲ್ಲ. ಜೇಕು ಮರಳಿ ಎದ್ದದ್ದು ರೈತನ ತಪ್ಪಲ್ಲ; ಎದ್ದದ್ದನ್ನು ಕಂಡ ಮೇಲೆ ಹೊಲಕ್ಕೆ ಇಳಿಯುವದು ಅವನ ಕೆಲಸ. ತಪ್ಪೆಂದು ಹೇಳಿದರೆ ಮನುಷ್ಯನು ಮುಚ್ಚಿಡುವನು. ಕೆಲಸವೆಂದು ಹೇಳಿದರೆ ಎದ್ದು ಹೋಗುವನು. ಆ ತಾಯಿಯವರ ಏಳು ತಿಂಗಳನ್ನು ಎಣಿಸಿ ನೋಡಿದಾಗ ನನಗೆ ಕಂಡದ್ದು ಇದು: ನಾವು ತಪ್ಪನ್ನು ಹುಡುಕುತ್ತಾ ಇರುವಲ್ಲಿ ಕರ್ತವ್ಯವು ನಿಂತುಹೋಗುವದು.

ಆ ಕರ್ತವ್ಯವು ಸಣ್ಣದೂ ಅಲ್ಲ. ಈ ರೋಗವು ನೂರು ಮಂದಿಯಲ್ಲಿ ವರುಷಕ್ಕೆ ಸುಮಾರು ಎರಡು ಮೂರು ಮಂದಿಯಲ್ಲಿ ತನ್ನ ಸ್ವಭಾವವನ್ನೇ ಬದಲಾಯಿಸಿ ವೇಗವಾಗಿ ಬೆಳೆಯುವ ಜಾತಿಯದಾಗುವದು. ಒಂದೇ ಗಂಟು ಉಳಿದವುಗಳಿಗಿಂತ ಬೇಗ ದೊಡ್ಡದಾದರೆ, ಕಾರಣವಿಲ್ಲದ ಜ್ವರ ಬಂದರೆ, ರಾತ್ರಿಯಲ್ಲಿ ಹಾಸಿಗೆ ನೆನೆಯುವಷ್ಟು ಬೆವರು ಬಂದರೆ, ಮೈ ಇಳಿದರೆ, ಅದನ್ನು ಸಂದೇಹಿಸಬೇಕು. ಆದಕಾರಣ ಮರಳಿ ಬಂದ ಗಂಟನ್ನು ಸಾಧ್ಯವಾದಲ್ಲೆಲ್ಲಾ ಮತ್ತೆ ಕೊಯ್ದು ಪರೀಕ್ಷಿಸುವರು. ಹಳೆಯ ಚೀಟಿಯನ್ನು ನೋಡಿ ಹಳೆಯ ರೋಗವೇ ಎಂದು ಊಹಿಸುವದಿಲ್ಲ. ಎಷ್ಟು ಬೇಗ ಮರಳಿತೆಂಬದೂ ಮುಖ್ಯ. 2015ರಲ್ಲಿ ಅಮೆರಿಕದ ವೈದ್ಯರು ಒಂದು ವಿಚಾರಣೆಯನ್ನು ಪ್ರಕಟಿಸಿದರು. ಒಂದೇ ಬಗೆಯ ಬಲವಾದ ಚಿಕಿತ್ಸೆಯನ್ನು ಹೊಂದಿದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಎರಡು ವರುಷದೊಳಗೆ ರೋಗವು ಮತ್ತೆ ತಲೆಯೆತ್ತಿತು. ಅಂಥವರಲ್ಲಿ ಐದು ವರುಷಗಳ ಮೇಲೆ ಬದುಕಿದ್ದವರು ನೂರಕ್ಕೆ ಐವತ್ತರಷ್ಟು, ಬೇಗ ಮರಳದವರಲ್ಲಿ ನೂರಕ್ಕೆ ತೊಂಬತ್ತರಷ್ಟು. ಈ ಅಂಕೆಗಳು ಕಠಿನವೇ. ಮುಚ್ಚಿಡುವದರಿಂದ ಅವು ಮೃದುವಾಗುವದಿಲ್ಲವೆಂದು ಬರೆದೆನು.

ಆ ತಾಯಿಯವರ ಕಂಕುಳಿನ ಗಂಟನ್ನು ಪರೀಕ್ಷಿಸಿದಾಗ ಅದು ಮೊದಲಿನ ನಿಧಾನದ ಜಾತಿಯದೇ ಎಂದು ತಿಳಿದುಬಂತು. ಅದು ನಮ್ಮ ಜಾಗ್ರತೆಯ ಫಲವಲ್ಲ. ಆ ದಿನ ವೈದ್ಯರು ಹೇಳಿದ ಮಾತಿನಿಂದ ಮನೆಯವರಲ್ಲಿ ಹೊಸದೊಂದು ಗಲಿಬಿಲಿ ಎದ್ದಿತು. ವೈದ್ಯರು, ಈಗ ಔಷಧ ಬೇಡ, ಮೂರು ತಿಂಗಳು ಬಿಟ್ಟು ಬನ್ನಿರಿ, ನೋಡೋಣ ಎಂದರು. ಮಗನು ಹೊರಗೆ ಬಂದು ಗೋಡೆಗೆ ತಲೆಯಿಟ್ಟು ಅತ್ತನು. “ಕೈಬಿಟ್ಟರು ಉಪದೇಶಿಗಳೇ, ಬಡವರೆಂದು ಕೈಬಿಟ್ಟರು” ಎಂದನು. ನನಗೂ ಆ ಹೊತ್ತು ಹಾಗೆಯೇ ತೋರಿತು. ರೋಗವು ಒಳಗೆ ಇದೆಯೆಂದು ಬಲ್ಲ ವೈದ್ಯನು ಸುಮ್ಮನಿರುವದು ಧರ್ಮವೋ?

ಇದಕ್ಕೆ ಉತ್ತರವು ಊಹೆಯಿಂದ ಬಂದದ್ದಲ್ಲ, ವರುಷಗಟ್ಟಲೆ ನೋಡಿ ಕಲಿತದ್ದು. ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ನಿಧಾನವಾದ ಲಿಂಫೋಮವಿದ್ದು ತೊಂದರೆಯಿಲ್ಲದ ರೋಗಿಗಳಿಗೆ ಕೂಡಲೆ ಔಷಧ ಕೊಡದೆ ನೋಡಿಕೊಳ್ಳುತ್ತಾ ಬಂದು, ಅಂಥ 83 ಮಂದಿಯ ವೃತ್ತಾಂತವನ್ನು 1984ರಲ್ಲಿ ಪ್ರಕಟಿಸಿದರು. ಬಹುಮಂದಿಗೆ ವರುಷಗಳ ವರೆಗೆ ಔಷಧವು ಬೇಕಾಗಲಿಲ್ಲ. ಬ್ರಿಟನ್ನಿನಲ್ಲಿ 309 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕೂಡಲೆ ಮಾತ್ರೆಯನ್ನೂ ಇನ್ನೊಂದಕ್ಕೆ ಅವಶ್ಯಬಿದ್ದಾಗ ಮಾತ್ರ ಚಿಕಿತ್ಸೆಯನ್ನೂ ಕೊಟ್ಟರು. 2003ರಲ್ಲಿ ಅದರ ಫಲವು ಹೊರಬಂತು: ಮೊದಲೇ ಮಾತ್ರೆ ತಿಂದವರು ಹೆಚ್ಚು ಕಾಲ ಬದುಕಲಿಲ್ಲ. ಕಾದವರಿಗೆ ನಷ್ಟವಾಗಲಿಲ್ಲ, ಔಷಧದ ಕಷ್ಟವು ಅಷ್ಟು ಕಾಲ ತಪ್ಪಿತು. ಇದು ಹೊಸದಾಗಿ ಕಂಡ ರೋಗದಲ್ಲಿ ಕಲಿತ ಪಾಠ. ತೊಂದರೆಯಿಲ್ಲದೆ ಮೆಲ್ಲನೆ ಮರಳಿದ ರೋಗದಲ್ಲಿಯೂ ವೈದ್ಯರು ಅದನ್ನು ಅನುಸರಿಸುವದುಂಟು. ರೋಗವು ನಿಧಾನವಾಗಿದ್ದು ಪರಿಪೂರ್ಣವಾಗಿ ಅಳಿಯದಂಥದಾದರೆ, ಇರುವ ಔಷಧಗಳನ್ನು ಅವುಗಳ ಸಮಯಕ್ಕೆ ಕಾದಿಡುವದೂ ಒಂದು ಚಿಕಿತ್ಸೆಯೇ. ಕಾಯುವವನಿಗೂ ಕೈಬಿಡುವವನಿಗೂ ಇರುವ ವ್ಯತ್ಯಾಸವು ಚೀಟಿಯಲ್ಲಿ ಕಾಣುವದು. ಕೈಬಿಟ್ಟವನು ಮತ್ತೆ ಬಾ ಎಂದು ತಾರೀಖು ಬರೆಯುವದಿಲ್ಲ.

ಆ 83 ಮಂದಿಯ ವೃತ್ತಾಂತದಲ್ಲಿ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿದ ಸಂಗತಿಯೊಂದಿದೆ. ಅವರಲ್ಲಿ 19 ಮಂದಿಗೆ ಯಾವ ಔಷಧವೂ ಇಲ್ಲದೆ ಗಂಟುಗಳು ತಾವಾಗಿ ಕುಗ್ಗಿದವು. ಈಗ ಯೋಚಿಸಿರಿ. ಅವರಲ್ಲೊಬ್ಬರು ಆ ತಿಂಗಳಲ್ಲಿ ನಾಟೀವೈದ್ಯನ ಬೇರು ತಿಂದಿದ್ದರೆ ಬೇರಿಗೆ ಕೀರ್ತಿ ಬರುತ್ತಿತ್ತು. ಬದನೇಕಾಯಿ ಬಿಟ್ಟಿದ್ದರೆ ಪಥ್ಯಕ್ಕೆ, ನಾನು ಹೋಗಿ ಪ್ರಾರ್ಥಿಸಿದ್ದರೆ ನನಗೆ. ಆಮೇಲೆ ಗಂಟು ಮರಳಿದರೆ ಬೇರಿನವನೂ ಪಥ್ಯದವನೂ ನಾನೂ ಹೊಣೆಯನ್ನು ರೋಗಿಯ ಮೇಲೆ ಜಾರಿಸಿ ಮನೆಗೆ ಹೋಗುತ್ತಿದ್ದೆವು. ಹೋದದ್ದಕ್ಕೆ ಕೀರ್ತಿಯನ್ನು ತೆಗೆದುಕೊಂಡವನು ಬಂದದ್ದಕ್ಕೆ ಹೊಣೆಯನ್ನೂ ತೆಗೆದುಕೊಳ್ಳಬೇಕಷ್ಟೆ? ಲೆಕ್ಕದ ಪುಸ್ತಕದಲ್ಲಿ ಜಮೆಯನ್ನು ತನ್ನ ಹೆಸರಿನಲ್ಲಿಯೂ ಖರ್ಚನ್ನು ಪರರ ಹೆಸರಿನಲ್ಲಿಯೂ ಬರೆಯುವವನನ್ನು ನಾವು ಏನೆಂದು ಕರೆಯುತ್ತೇವೆಂದು ಎಲ್ಲರೂ ಬಲ್ಲರು. ಪ್ರಾರ್ಥಿಸಬಾರದೆಂದು ನಾನು ಹೇಳುವದಿಲ್ಲ. ಈಗಲೂ ಆ ಮನೆಗೆ ಹೋಗಿ ಪ್ರಾರ್ಥಿಸುತ್ತೇನೆ. ಕೀರ್ತಿಯ ಲೆಕ್ಕವನ್ನು ಮಾತ್ರ ಬಿಟ್ಟಿದ್ದೇನೆ.

ಮರಳಿ ಬಂದರೆ ಮುಗಿಯಿತು ಎಂಬ ಮಾತು ಇನ್ನೂ ನಮ್ಮೂರುಗಳಲ್ಲಿದೆ. ಈ ರೋಗದಲ್ಲಿ ಅದು ನಿಜವಲ್ಲ. ರಿಟುಕ್ಸಿಮಾಬ್ ಎಂಬ ಔಷಧವು ರೋಗದ ಕಣಗಳ ಮೇಲಿರುವ ಒಂದು ಗುರುತನ್ನು ಹಿಡಿದು ಅವುಗಳನ್ನು ಹೊಡೆಯುವದು. ಅದಕ್ಕೆ ಅಮೆರಿಕದಲ್ಲಿ 1997ರ ನವಂಬರದಲ್ಲಿ ಅಪ್ಪಣೆ ದೊರೆತದ್ದು ಹೊಸ ರೋಗಿಗಳಿಗೋಸ್ಕರವಲ್ಲ, ಮರಳಿ ಬಂದ ಅಥವಾ ಮಣಿಯದ ನಿಧಾನದ ಲಿಂಫೋಮದವರಿಗೋಸ್ಕರವೇ. ಆಮೇಲೆಯೇ ಅದನ್ನು ಮೊದಲ ಚಿಕಿತ್ಸೆಯಲ್ಲಿಯೂ ಕೂಡಿಸಿದರು. ಅದೇ ತರದ ಔಷಧವನ್ನು 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪೆನಿಯವರು ರೆಡಿಟಕ್ಸ್ ಎಂಬ ಹೆಸರಿನಿಂದ ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದರು. ಬೆಂಡಮಸ್ಟೀನ್ ಎಂಬದು 1963ರಲ್ಲಿ ಪೂರ್ವ ಜರ್ಮನಿಯ ಯೇನಾ ಪಟ್ಟಣದಲ್ಲಿ ಮಾಡಿದ ಔಷಧ. ಬಹುಕಾಲ ಅದು ಆ ದೇಶದ ಹೊರಗೆ ಹೆಚ್ಚಾಗಿ ತಿಳಿಯದೆ ಇದ್ದು, 2008ರಲ್ಲಿ ಅಮೆರಿಕದಲ್ಲಿ ಅಪ್ಪಣೆ ಪಡೆಯಿತು. ಹುಟ್ಟುವ ಕೂಸುಗಳನ್ನು ಅಂಗಹೀನ ಮಾಡಿದ ಥಾಲಿಡೊಮೈಡ್ ಎಂಬ ಮಾತ್ರೆಯ ವಂಶದಿಂದಲೇ ಬಂದ ಲೆನಲಿಡೊಮೈಡ್ ಎಂಬದನ್ನು ರಿಟುಕ್ಸಿಮಾಬಿನ ಸಂಗಡ ಕೊಡುವದಕ್ಕೆ 2019ರಲ್ಲಿ ಅಲ್ಲಿ ಅಪ್ಪಣೆಯಾಯಿತು. ರೋಗಿಯ ಸ್ವಂತ ಬಿಳೀ ಕಣಗಳನ್ನು ಹೊರತೆಗೆದು, ರೋಗವನ್ನು ಗುರುತಿಸುವದಕ್ಕೆ ಅವುಗಳಿಗೆ ಕಲಿಸಿ ಮರಳಿ ಮೈಯೊಳಗೆ ಬಿಡುವ ಚಿಕಿತ್ಸೆಯೂ ಉಂಟು. ಮುಂಬಯಿಯ ಐಐಟಿ ಹಾಗೂ ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಕೆಲಸದಿಂದ ಹುಟ್ಟಿದ ನೆಕ್ಸ್‌ಕಾರ್19 ಎಂಬದಕ್ಕೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದ ಅಪ್ಪಣೆಯು ಸಿಕ್ಕಿತು. ಅದೂ ಮರಳಿದ, ಮಣಿಯದ ರೋಗಗಳಿಗೆ.

ಈ ಹೆಸರುಗಳನ್ನೆಲ್ಲಾ ಬರೆದದ್ದು ಒಬ್ಬೊಬ್ಬರೂ ಹೋಗಿ ಇವನ್ನು ಕೇಳಬೇಕೆಂದಲ್ಲ. ಯಾವದು ಯಾರಿಗೆ ತಕ್ಕದ್ದೆಂದು ವೈದ್ಯರು ಹೇಳಬೇಕು. ಕಡೆಗೆ ಹೇಳಿದ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಬೇಕು, ನಮ್ಮಂಥವರ ಕೈಗೆ ಅದು ಸುಲಭವಾಗಿ ಎಟಕುವದಿಲ್ಲ. ಎಟಕುವದೆಂದು ಹೇಳಿದರೆ ನಾನು ಮತ್ತೊಮ್ಮೆ ಸ್ತೋತ್ರದ ಕೂಟದ ತಪ್ಪನ್ನೇ ಮಾಡಿದಂತಾಗುವದು. ದುಡ್ಡಿನ ವಿಷಯದಲ್ಲಿ ಇಷ್ಟನ್ನು ಹೇಳಬಲ್ಲೆನು. ಮರಳುವ ಸ್ವಭಾವದ ರೋಗವೆಂದು ಮೊದಲೇ ತಿಳಿದಿದ್ದರೆ ಯಾವ ಮನೆಯವರೂ ಮೊದಲನೆಯ ಸಾರಿಗೇ ಹೊಲವನ್ನು ಮಾರಿ ಬರಿಗೈಯಾಗಲಾರರು. ನಮ್ಮ ರಾಜ್ಯದಲ್ಲಿ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡಕುಟುಂಬಗಳಿಗೆ ವರುಷಕ್ಕೆ ಐದು ಲಕ್ಷ ರೂಪಾಯಿಯ ವರೆಗೆ ಆಸ್ಪತ್ರೆಯ ಸಹಾಯವು ಏರ್ಪಟ್ಟಿತು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ವೇಲೂರಿನ ಮಿಶನ್ ಆಸ್ಪತ್ರೆಯನ್ನು ನಮ್ಮವರು ಬಲ್ಲರು. ಸತ್ಯವನ್ನು ಮೊದಲೇ ಹೇಳುವದರಿಂದ ಹೊಲವೂ ಉಳಿಯಬಹುದು. ಆ ಮನೆಯವರು ಅರ್ಧ ಎಕರೆಯನ್ನು ಅಡವಿಟ್ಟು ಆಗಿಹೋಗಿತ್ತು.

ನನ್ನ ಮಾತಿನ ವಿಷಯಕ್ಕೆ ಬರುತ್ತೇನೆ. ಬೇರುಸಹಿತ ಹೋಯಿತೆಂಬದಕ್ಕೆ ಬದಲಾಗಿ ಆ ದಿನ ನಾನು ಏನು ಹೇಳಬೇಕಾಗಿತ್ತು? ಇನ್ನೂ ಇದೆ, ಮತ್ತೆ ಬರುವದು ಎಂದು ಸಂತೋಷದ ಮನೆಯಲ್ಲಿ ಹೇಳುವದು ಕ್ರೂರವಲ್ಲವೇ? ಬಹಳ ದಿವಸ ಇದು ಬಗೆಹರಿಯಲಿಲ್ಲ. ಒಂದು ಸಾಯಂಕಾಲ ಆ ತಾಯಿಯವರೇ ಒಲೆಯ ಮುಂದೆ ಕೂತು ಬೂದಿಯನ್ನು ಕೆದಕುತ್ತಾ, “ಬೆಂಕಿ ಅಡಗಿದೆ, ಆರಿಲ್ಲ” ಎಂದು ಸೊಸೆಗೆ ಹೇಳಿದರು. ನಮ್ಮ ಭಾಷೆಯಲ್ಲಿ ಈ ಮಾತು ಮೊದಲಿನಿಂದಲೂ ಇದೆ. ಗಾಳಿ ಅಡಗಿತು, ಗಲಭೆ ಅಡಗಿತು, ಕೋಪ ಅಡಗಿತು ಎನ್ನುತ್ತೇವೆ. ಮೊಲವು ಪೊದೆಯಲ್ಲಿ ಅಡಗಿತು ಎಂದೂ ಎನ್ನುತ್ತೇವೆ. ತಣ್ಣಗಾಗುವದಕ್ಕೂ ಮರೆಯಾಗಿರುವದಕ್ಕೂ ಒಂದೇ ಶಬ್ದ. ರೋಗವು ಅಡಗಿತು ಎಂದು ಹೇಳಿದರೆ ಸುಳ್ಳಿಲ್ಲ, ನೋಯಿಸುವದೂ ಇಲ್ಲ. ಅಡಗಿರುವ ದಿನಗಳಿಗೋಸ್ಕರ ಸ್ತೋತ್ರ ಮಾಡುವದಕ್ಕೆ ಏನೂ ಅಡ್ಡಿಯಿಲ್ಲ. ಆ ಮೂರು ವರುಷಗಳಲ್ಲಿ ಅವರು ಎರಡು ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು, ಮೂರು ಕೊಯಿಲು ಕಂಡರು. ಮರಳಿ ಬಂತೆಂಬದರಿಂದ ಆ ವರುಷಗಳು ಸುಳ್ಳಾಗಲಿಲ್ಲ.

ಬಂದ ಆದಿತ್ಯವಾರ ಆರಾಧನೆಯ ಕೊನೆಯಲ್ಲಿ, ಅವರ ಅಪ್ಪಣೆಯನ್ನು ಕೇಳಿಕೊಂಡು, ಸಭೆಯವರ ಮುಂದೆ ನಿಂತು ಹಿಂದಿನ ಮಾತನ್ನು ತಿದ್ದಿದೆನು. ಅದು ನಾನು ಆಡಿದ ತಪ್ಪು ಮಾತು, ಅವರು ಮಾಡಿದ ತಪ್ಪು ಏನೂ ಇಲ್ಲ ಎಂದು ಹೇಳಿದೆನು. ಕೆಲವರು ಮುಖಮುಖ ನೋಡಿಕೊಂಡರು. ತಲೆಯಲ್ಲಾಡಿಸಿದ್ದ ಹಿರಿಯರು ಏನೂ ಹೇಳಲಿಲ್ಲ. ಮರುದಿನ ತಮ್ಮ ಮನೆಯ ಕೋಳಿಮೊಟ್ಟೆಗಳನ್ನು ಬುಟ್ಟಿಯಲ್ಲಿ ಆ ಮನೆಗೆ ಕಳುಹಿಸಿದರೆಂದು ಆಮೇಲೆ ಕೇಳಿದೆನು.

ಹದಿನಾಲ್ಕು ತಿಂಗಳು ಕಾದ ಮೇಲೆ ಗಂಟುಗಳು ಬೆಳೆದು ಕೈ ಎತ್ತುವದಕ್ಕೆ ಕಷ್ಟವಾಯಿತು. ವೈದ್ಯರು ಈಗ ಸಮಯವಾಯಿತೆಂದು ಹೇಳಿ ಎರಡನೆಯ ಚಿಕಿತ್ಸೆಯನ್ನು ಆರಂಭಿಸಿದ್ದಾರೆ. ನಾಲ್ಕು ಸಾರಿ ಆಗಿದೆ, ಇನ್ನೆರಡು ಉಳಿದಿವೆ. ಆಯಾಸವಿದೆ, ಬಾಯಿಗೆ ರುಚಿಯಿಲ್ಲ. ಗಂಟು ಅರ್ಧಕ್ಕೆ ಇಳಿದಿದೆ. ಮೊನ್ನೆ ನಾನು ಹೋದಾಗ ಅವರು ಸೆರಗನ್ನು ಸರಿಸಿ, ಕೈಯನ್ನು ತಲೆಯ ವರೆಗೆ ಎತ್ತಿ ತೋರಿಸಿ, “ನೋಡಿ ಉಪದೇಶಿಗಳೇ, ಇಷ್ಟು ಅಡಗಿದೆ” ಎಂದರು. ಮುಂದಿನ ತಾರೀಖು ಬರುವ ಗುರುವಾರ. ಬಸ್ಸು ಬೆಳಿಗ್ಗೆ ಆರು ಗಂಟೆಗೆ ಬರುವದು, ಈ ಸಾರಿ ಮಗನಿಗೆ ಕೊಯಿಲಿರುವದರಿಂದ ಅವರ ಸಂಗಡ ನಾನು ಹೋಗುತ್ತೇನೆ.